ಮಗನು ಕಂಡ ತಂದೆ

ಚಲನಚಿತ್ರವೆಂದೊಡನೆ ಹಾಡು, ಕುಣಿತ, ಹೊಡೆದಾಟ, ಕಣ್ಣೀರು ಇವೇ ನಮ್ಮಲ್ಲಿ ಬಹುಮಂದಿಯ ನೆನಪಿಗೆ ಬರುತ್ತವೆ. ಅಂತಹ ಚಿತ್ರಗಳನ್ನು ನೋಡಿ ಸಂತೋಷಪಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಗ್ರಂಥಗಳಲ್ಲಿ ಕಾದಂಬರಿಯ ಜೊತೆಗೆ ಜೀವನಚರಿತ್ರೆಯೂ ಇರುವಂತೆ, ಚಲನಚಿತ್ರಗಳಲ್ಲಿಯೂ ಬಾಳಿ ಹೋದ ಒಬ್ಬ ವ್ಯಕ್ತಿಯ ಬದುಕನ್ನು ಇದ್ದುದಿದ್ದಂತೆ ನಿರೂಪಿಸುವ ಬಗೆಯೊಂದುಂಟು. ಅದನ್ನು ಸಾಕ್ಷ್ಯಚಿತ್ರವೆಂದು ಕರೆಯುತ್ತಾರೆ. ಇಂತಹ ಚಿತ್ರಗಳಿಗೆ ಜನ ಸಾಲುಗಟ್ಟಿ ನಿಂತು ಚೀಟಿ ಕೊಳ್ಳುವುದಿಲ್ಲ. ಆದರೂ ಅವುಗಳಲ್ಲಿ ಕೆಲವು, ಒಳ್ಳೆಯ ಕವಿತೆಯೊಂದನ್ನು ಓದಿದಾಗ ಆಗುವಂತೆ, ನೋಡಿದವರ ಮನಸ್ಸಿನಲ್ಲಿ ಬಹುಕಾಲ ನಿಲ್ಲುತ್ತವೆ.

೧೯೮೭ರಲ್ಲಿ ಬಂಗಾಳಿ ಭಾಷೆಯಲ್ಲಿ ತಯಾರಾದ ‘ಸುಕುಮಾರ ರಾಯ್’ ಅಂತಹದೊಂದು ಚಿತ್ರ. ಅದರ ಅವಧಿ ಸುಮಾರು ಅರ್ಧ ಗಂಟೆ. ಸುಕುಮಾರ ರಾಯ್ ಅವರು ಬಂಗಾಳದ ಮಕ್ಕಳಿಗಾಗಿ ಪದ್ಯ, ಕಥೆ, ನಾಟಕಗಳನ್ನು ಬರೆದು, ಅವುಗಳಿಗೆ ತಾವೇ ಚಿತ್ರಗಳನ್ನೂ ರಚಿಸಿದ ಲೇಖಕರು. ಅವರು ಹುಟ್ಟಿ ನೂರು ವರ್ಷಗಳಾದ ಸಂದರ್ಭದಲ್ಲಿ ಪಶ್ಚಿಮ ಬಂಗಾಳದ ಸರ್ಕಾರವು ಈ ಚಿತ್ರವನ್ನು ನಿರ್ಮಿಸಿತು. ನಿರ್ದೇಶಿಸಿದವರು ಸತ್ಯಜಿತ್ ರಾಯ್. ‘ಪಥೇರ್ ಪಾಂಚಾಲಿ’ಯಿಂದ ಜಗತ್ತಿನ ಮನ್ನಣೆಗೆ ಪಾತ್ರರಾದ ಈ ನಿರ್ದೇಶಕರು ಸುಕುಮಾರರ ಏಕಮಾತ್ರ ಪುತ್ರ. ತಂದೆ ತೀರಿಕೊಂಡಾಗ ಮಗನಿಗೆ ೨ ವರ್ಷ ೪ ತಿಂಗಳು. ಚಿತ್ರವನ್ನು ತೆಗೆಯುವಾಗ ಆ ಮಗನಿಗೆ ೬೬ ವರ್ಷ. ಹೀಗೆ, ತಾನು ಕಂಡೂ ಕಾಣದಂತಿದ್ದ ತಂದೆಯನ್ನು ಇಳಿವಯಸ್ಸಿನಲ್ಲಿ ಮಗನೊಬ್ಬನು ನಮಗೆ ತೋರಿಸಿಕೊಟ್ಟ ಚಿತ್ರವಿದು.

ಈ ಕೆಲಸದ ಕಷ್ಟವನ್ನು ಸ್ವಲ್ಪ ಯೋಚಿಸಿ ನೋಡಿರಿ. ಸುಕುಮಾರರು ನಡೆದಾಡುವುದನ್ನಾಗಲಿ, ನಗುವುದನ್ನಾಗಲಿ ತೋರಿಸುವ ಒಂದಡಿ ಫಿಲ್ಮೂ ಈ ಚಿತ್ರದಲ್ಲಿಲ್ಲ. ಅವರ ಧ್ವನಿಯೂ ಇಲ್ಲ. ಇರುವುದೆಂದರೆ ಹಳೆಯ ಛಾಯಾಚಿತ್ರಗಳು, ಕೈಬರಹದ ಹಾಳೆಗಳು, ಅಚ್ಚಾದ ಪುಸ್ತಕಗಳು, ಅವರೇ ರಚಿಸಿದ ರೇಖಾಚಿತ್ರಗಳು. ಬೇರೊಬ್ಬ ನಿರ್ದೇಶಕರಾಗಿದ್ದರೆ ಒಬ್ಬ ನಟನಿಗೆ ಸುಕುಮಾರರ ವೇಷ ಹಾಕಿಸಿ, ರೋಗಶಯ್ಯೆಯ ದೃಶ್ಯವೊಂದನ್ನು ಏರ್ಪಡಿಸಿ, ನೋಡುವವರು ಕರವಸ್ತ್ರ ತೆಗೆಯುವಂತೆ ಮಾಡಬಹುದಾಗಿತ್ತು. ಸತ್ಯಜಿತರು ಆ ದಾರಿಯನ್ನು ಹಿಡಿಯಲಿಲ್ಲ. ತಂದೆಯ ಬದುಕನ್ನು ಅಭಿನಯಿಸಿ ತೋರಿಸದೆ, ತಂದೆಯ ಬರವಣಿಗೆಯನ್ನು ಮಾತ್ರ ಅಭಿನಯಿಸಿ ತೋರಿಸಿದರು. ಅವರ ಬದುಕಿಗೆ ಛಾಯಾಚಿತ್ರಗಳೇ ಸಾಕೆಂದು ಬಿಟ್ಟರು. ಈ ಚಿತ್ರವನ್ನು ಅರ್ಥಮಾಡಿಕೊಳ್ಳಲು ಮೊದಲು ಗಮನಿಸಬೇಕಾದದ್ದು ಈ ಆಯ್ಕೆಯನ್ನೇ.

ಸುಕುಮಾರರು ಹುಟ್ಟಿದ್ದು ೧೮೮೭ರ ಅಕ್ಟೋಬರ್ ೩೦ರಂದು. ಅವರ ತಂದೆ ಉಪೇಂದ್ರಕಿಶೋರ ರಾಯ್‌ಚೌಧುರಿ ಅವರೂ ಸಾಮಾನ್ಯರಲ್ಲ. ಮಕ್ಕಳ ಕಥೆಗಾರರು, ಚಿತ್ರಕಾರರು, ಪಿಟೀಲುವಾದಕರು. ಎಲ್ಲಕ್ಕಿಂತ ಹೆಚ್ಚಾಗಿ ಮುದ್ರಣಕಲೆಯಲ್ಲಿ ಸ್ವತಂತ್ರ ಸಂಶೋಧನೆ ನಡೆಸಿದವರು. ತಾವು ಬರೆದ ಮಕ್ಕಳ ಪುಸ್ತಕವೊಂದರಲ್ಲಿ ಚಿತ್ರಗಳು ಅಂದಗೆಟ್ಟು ಅಚ್ಚಾದುದನ್ನು ಕಂಡು ಅವರು ಸುಮ್ಮನಿರಲಿಲ್ಲ. ಇಂಗ್ಲೆಂಡಿನಿಂದ ಉಪಕರಣಗಳನ್ನು ತರಿಸಿಕೊಂಡು ‘ಹಾಫ್‌ಟೋನ್’ ಎಂಬ ವಿಧಾನವನ್ನು ತಾವೇ ಅಭ್ಯಾಸಮಾಡಿದರು. ವೃತ್ತಪತ್ರಿಕೆಯಲ್ಲಿ ಅಚ್ಚಾದ ಯಾವುದಾದರೂ ಛಾಯಾಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿದರೆ ನಿಮಗೆ ಈ ವಿಧಾನ ತಿಳಿಯುತ್ತದೆ. ಅಲ್ಲಿ ಬೂದುಬಣ್ಣವೆಂಬುದೇ ಇರುವುದಿಲ್ಲ. ಇರುವುದೆಲ್ಲವೂ ಕಪ್ಪು ಚುಕ್ಕೆಗಳು. ಚುಕ್ಕೆ ದಪ್ಪವಾದಲ್ಲಿ ನೆರಳು, ಸಣ್ಣದಾದಲ್ಲಿ ಬೆಳಕು. ಒತ್ತಾಗಿ ಗೆರೆಗಳನ್ನು ಕೊರೆದ ಗಾಜಿನ ತೆರೆಯೊಂದರ ಮೂಲಕ ಚಿತ್ರವನ್ನು ಹಾಯಿಸಿ, ಅದನ್ನು ಹೀಗೆ ಚುಕ್ಕೆಗಳಾಗಿ ಒಡೆದು, ಲೋಹದ ಬ್ಲಾಕಿನ ಮೇಲೆ ಮೂಡಿಸಬೇಕು. ಈ ವಿಷಯವಾಗಿ ಉಪೇಂದ್ರಕಿಶೋರರು ಬರೆದ ಲೇಖನಗಳು ಇಂಗ್ಲೆಂಡಿನ ‘ಪೆನ್‌ರೋಸ್’ ವಾರ್ಷಿಕ ಸಂಚಿಕೆಗಳಲ್ಲಿ ಪ್ರಕಟವಾದವು. ೧೯೧೩ರಲ್ಲಿ ಅವರು ‘ಸಂದೇಶ್’ ಎಂಬ ಮಕ್ಕಳ ಮಾಸಪತ್ರಿಕೆಯನ್ನು ಆರಂಭಿಸಿದರು. ಸಂದೇಶವೆಂದರೆ ಸುದ್ದಿ ಎಂಬುದು ನಿಮಗೆ ತಿಳಿದೇ ಇದೆ. ಬಂಗಾಳದಲ್ಲಿ ಅದು ಹಾಲಿನಿಂದ ಮಾಡುವ ಒಂದು ಸಿಹಿತಿಂಡಿಯ ಹೆಸರೂ ಹೌದು. ಮಕ್ಕಳ ಪತ್ರಿಕೆಗೆ ಇದಕ್ಕಿಂತ ಒಪ್ಪುವ ಹೆಸರು ದೊರೆಯುವುದು ಕಷ್ಟ.

ಕಲ್ಕತ್ತೆಯ ಗಡ್‌ಪಾರ್ ರಸ್ತೆಯ ೧೦೦ನೆಯ ನಂಬರಿನ ಮನೆಯಲ್ಲಿ ಸಂಸಾರವೂ ಅಚ್ಚುಕೂಟವೂ ಒಟ್ಟಿಗೇ ಇದ್ದವು. ಒಂದೆಡೆ ಮೊಳೆ ಜೋಡಿಸುವವರು, ಇನ್ನೊಂದೆಡೆ ಬ್ಲಾಕು ಮಾಡುವವರು. ನಡುವೆ ಓಡಾಡುವ ಮಕ್ಕಳು. ಸುಕುಮಾರರ ಪ್ರತಿಭೆಗೆ ಹಿನ್ನೆಲೆಯಾದದ್ದು ಇಂತಹ ಮನೆತನ. ಅವರ ವಿದ್ಯಾಭ್ಯಾಸದ ವಿಷಯವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಗಳೆರಡರಲ್ಲಿಯೂ ಆನರ್ಸ್ ಪದವಿ ಪಡೆದರು; ೧೯೧೧ರಲ್ಲಿ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿಗೆ ಹೋಗಿ, ಲಂಡನ್ ಮತ್ತು ಮ್ಯಾಂಚೆಸ್ಟರುಗಳಲ್ಲಿ ಮುದ್ರಣವಿದ್ಯೆಯನ್ನು ಕಲಿತರು; ಅಲ್ಲಿದ್ದಾಗ ರವೀಂದ್ರನಾಥ ಠಾಕೂರರ ಕಾವ್ಯವನ್ನು ಕುರಿತು ಆಂಗ್ಲರ ಸಭೆಯೊಂದರಲ್ಲಿ ಪ್ರಬಂಧ ಓದಿದರು; ೧೯೧೩ರಲ್ಲಿ ಹಿಂದಿರುಗಿದರು. ೧೯೧೫ರಲ್ಲಿ ಉಪೇಂದ್ರಕಿಶೋರರು ತೀರಿಕೊಂಡ ಮೇಲೆ ಅಚ್ಚುಕೂಟದ ಹೊಣೆಯೂ ‘ಸಂದೇಶ್’ ಪತ್ರಿಕೆಯ ಸಂಪಾದಕತ್ವವೂ ಅವರ ಹೆಗಲಿಗೆ ಬಂದವು.

ಇಷ್ಟನ್ನೇ ಕೇಳಿದರೆ ಸುಕುಮಾರರು ಯಾರೋ ಗಂಭೀರ ವಿಜ್ಞಾನಿಗಳಿರಬೇಕೆಂದು ತೋರುತ್ತದೆ. ಆದರೆ ಕಾಲೇಜಿನ ದಿನಗಳಲ್ಲಿಯೇ ಅವರು ಗೆಳೆಯರನ್ನು ಕಲೆಹಾಕಿ ‘ನಾನ್‌ಸೆನ್ಸ್ ಕ್ಲಬ್’ ಎಂಬ ಸಂಘವನ್ನು ಕಟ್ಟಿದ್ದರು. ಅದರ ಕೈಬರಹದ ಪತ್ರಿಕೆಯ ಹೆಸರು ‘ಸಾಡೇ ಬತ್ರಿಶ್ ಭಾಜಾ’, ಎಂದರೆ ಮೂವತ್ತೆರಡೂವರೆ ಬಗೆಯ ಕುರುಕಲು. ನಮ್ಮ ಊರುಗಳಲ್ಲಿ ಚುರುಮುರಿ ಮಾರುವವರಿದ್ದಂತೆ ಕಲ್ಕತ್ತೆಯ ಬೀದಿಗಳಲ್ಲಿ ಈ ಕುರುಕಲನ್ನು ಮಾರುತ್ತಿದ್ದರು. ಮೂವತ್ತೆರಡು ಬಗೆಯ ಮೇಲಿನ ಆ ಅರ್ಧವೆಂದರೆ ಒಂದು ಅರ್ಧ ಮೆಣಸಿನಕಾಯಿ. ಇಂಗ್ಲೆಂಡಿನಿಂದ ಬಂದ ಮೇಲೆ ಅವರು ಕಟ್ಟಿದ ‘ಮಂಡೇ ಕ್ಲಬ್’ ವಾರಕ್ಕೊಮ್ಮೆ ಸೇರುತ್ತಿತ್ತು. ಅಲ್ಲಿ ಸಾಹಿತ್ಯ, ವಿಜ್ಞಾನ, ತತ್ತ್ವಶಾಸ್ತ್ರ ಎಲ್ಲವೂ ಚರ್ಚೆಯಾಗುತ್ತಿದ್ದವು, ತಿಂಡಿತೀರ್ಥಗಳಿಗೂ ಕೊರತೆಯಿರಲಿಲ್ಲ. ಬಂಗಾಳಿಯಲ್ಲಿ ‘ಮಂಡಾ’ ಎಂಬುದೂ ಒಂದು ಸಿಹಿತಿಂಡಿಯೇ ಆದುದರಿಂದ, ಸೋಮವಾರದ ಈ ಸಂಘ ಸಿಹಿತಿಂಡಿಯ ಸಂಘವೆಂದೂ ಹಾಸ್ಯಕ್ಕೆ ಗುರಿಯಾಗಿತ್ತು. ಸಭೆಯ ಕರೆಯೋಲೆಗಳನ್ನು ಸುಕುಮಾರರು ಪದ್ಯದಲ್ಲಿ ಬರೆದು ಅಚ್ಚುಹಾಕಿಸುತ್ತಿದ್ದರು.

ಇನ್ನು ಅವರ ಬರವಣಿಗೆ. ಚಿತ್ರದ ಜೀವಾಳವಿರುವುದು ಇಲ್ಲಿಯೇ. ಅವರ ಪದ್ಯಸಂಗ್ರಹದ ಹೆಸರು ‘ಆಬೋಲ್ ತಾಬೋಲ್’. ಅರ್ಥವಿಲ್ಲದ ಹರಟೆಯೆಂದು ಇದನ್ನು ಕನ್ನಡಿಸಬಹುದು. ಅದರಲ್ಲಿ ಬರುವ ಪ್ರಾಣಿಗಳು ಯಾವ ಮೃಗಾಲಯದಲ್ಲಿಯೂ ದೊರೆಯುವುದಿಲ್ಲ. ಬಂಗಾಳಿಯಲ್ಲಿ ‘ಹಾಂಸ್’ ಎಂದರೆ ಬಾತುಕೋಳಿ, ‘ಸಜಾರು’ ಎಂದರೆ ಮುಳ್ಳುಹಂದಿ. ಇವೆರಡೂ ಬೆಸೆದುಕೊಂಡು ‘ಹಾಂಸ್‌ಜಾರು’ ಆಗುತ್ತದೆ. ಬಕವೆಂದರೆ ಕೊಕ್ಕರೆ, ಕಚ್ಛಪವೆಂದರೆ ಆಮೆ. ನಮಗೂ ಪರಿಚಿತವಾದ ಈ ಸಂಸ್ಕೃತ ಪದಗಳು ಸೇರಿ ‘ಬಕಚ್ಛಪ’ವಾಗುತ್ತದೆ. ಆನೆಗೂ ತಿಮಿಂಗಿಲಕ್ಕೂ ನಂಟು ಬೆಳೆದು ‘ಹಾತಿಮಿ’ ಹುಟ್ಟುತ್ತದೆ. ಹೀಗೆ ಕೂಡುವಾಗ ವ್ಯಾಕರಣದ ಹಂಗು ತನಗಿಲ್ಲವೆಂದು ಕವಿ ಮೊದಲೇ ಹೇಳಿಕೊಂಡುಬಿಡುತ್ತಾರೆ. ಬಕಚ್ಛಪವನ್ನು ಲೋಪಸಂಧಿಯೆನ್ನಬಹುದೋ ಏನೋ. ನಮ್ಮ ಕೇಶಿರಾಜನಂತೂ ಒಪ್ಪಲಾರನು. ನಾನು ಅಧ್ಯಾಪಕನಾಗಿದ್ದಾಗ ಒಮ್ಮೆ ಸಂಧಿಪ್ರಕರಣದ ಪಾಠದ ನಡುವೆ ಈ ಹೆಸರುಗಳನ್ನು ಕರಿಹಲಗೆಯ ಮೇಲೆ ಬರೆದೆ. ಅದುವರೆಗೆ ಆಕಳಿಸುತ್ತಿದ್ದ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ಎಮ್ಮೆಯನ್ನೂ ಮೊಲವನ್ನೂ ಸೇರಿಸಿ ‘ಎಮ್ಮೊಲ’ ಮಾಡಬಹುದೇ ಸಾರ್ ಎಂದು ಕೇಳಿದನು. ಆ ದಿನ ಸಂಧಿಯ ಪಾಠ ಎಲ್ಲರಿಗೂ ಅರ್ಥವಾಯಿತೆಂದೇ ನನ್ನ ನಂಬಿಕೆ.

ಇಂತಹ ಪ್ರಾಣಿಗಳ ಚಿತ್ರಗಳನ್ನು ಸುಕುಮಾರರು ಎಷ್ಟು ನಿಶ್ಚಯವಾಗಿ ರಚಿಸಿದ್ದಾರೆಂದರೆ, ಹಾಂಸ್‌ಜಾರುವಿನ ಮೈಮೇಲಿನ ಮುಳ್ಳು ಎಲ್ಲಿ ಮುಗಿಯುತ್ತದೆ, ಬಾತಿನ ಕತ್ತು ಎಲ್ಲಿ ಆರಂಭವಾಗುತ್ತದೆ ಎಂದು ಹುಡುಕಿದರೂ ಬೆಸುಗೆ ಕಾಣುವುದಿಲ್ಲ. ವಿಜ್ಞಾನದ ಪುಸ್ತಕಕ್ಕೆ ಚಿತ್ರ ಬರೆಯುವವನ ಕೈ ಅದು. ಕಲ್ಪನೆ ಹುಚ್ಚುಹೊಳೆಯಂತಿದ್ದರೂ ಗೆರೆ ಮಾತ್ರ ಅಳತೆ ಮೀರುವುದಿಲ್ಲ. ಮಗನಾದ ಸತ್ಯಜಿತರೂ ಚಿತ್ರಕಾರರಾದುದರಿಂದ ಈ ಗೆರೆಗಳ ಬೆಲೆಯನ್ನು ಅವರು ಬಲ್ಲರು.

‘ಆಬೋಲ್ ತಾಬೋಲ್’ ಸಂಗ್ರಹದ ಮನುಷ್ಯರೂ ಪ್ರಾಣಿಗಳಷ್ಟೇ ವಿಚಿತ್ರರು. ಕಚೇರಿಯ ದೊಡ್ಡ ಗುಮಾಸ್ತರೊಬ್ಬರು, ಬಹಳ ಶಾಂತ ಸ್ವಭಾವದವರು, ಒಂದು ದಿನ ಕುರ್ಚಿಯಲ್ಲಿ ತೂಕಡಿಸುತ್ತಿದ್ದವರು ಇದ್ದಕ್ಕಿದ್ದಂತೆ ಎದ್ದು ತಮ್ಮ ಮೀಸೆಯನ್ನು ಯಾರೋ ಕದ್ದಿದ್ದಾರೆಂದು ಕೂಗಾಡುತ್ತಾರೆ. ಮೀಸೆ ಇದ್ದಲ್ಲಿಯೇ ಇದೆ. ಕನ್ನಡಿ ಹಿಡಿದು ತೋರಿಸಿದರೂ ಅವರು ಒಪ್ಪುವುದಿಲ್ಲ. ಇಂತಹ ಕೊಳಕು ಮೀಸೆ ತಮ್ಮದಾಗಿರಲು ಸಾಧ್ಯವೇ ಇಲ್ಲವೆನ್ನುತ್ತಾರೆ. ಇನ್ನೊಂದು ಪದ್ಯದಲ್ಲಿ ನಗುವುದನ್ನೇ ನಿಷೇಧಿಸಿಕೊಂಡ ಒಂದು ಜಾತಿಯ ಮರಿಗಳಿವೆ. ಎಲ್ಲಿ ನಗು ಬಂದುಬಿಡುತ್ತದೆಯೋ ಎಂಬ ಭಯದಲ್ಲಿಯೇ ಅವು ಬದುಕುತ್ತವೆ. ಮತ್ತೊಂದರಲ್ಲಿ ವಿಚಿತ್ರವಾದ ಕಾನೂನುಗಳಿರುವ ದೇಶವೊಂದರ ವರ್ಣನೆ ಬರುತ್ತದೆ. ಅದು ಆಗಿನ ಆಂಗ್ಲರ ಆಡಳಿತದ ವಿಡಂಬನೆಯೆಂದು ಕೆಲವರು ಹೇಳುವುದುಂಟು. ಇರಬಹುದು. ಆದರೆ ಆ ಪದ್ಯವನ್ನು ಓದಿ ಹೊಟ್ಟೆ ಹುಣ್ಣಾಗುವಂತೆ ನಗುವ ಎಂಟು ವರ್ಷದ ಮಗುವಿಗೆ ಆ ವಿವರಣೆ ಬೇಕಾಗುವುದಿಲ್ಲ.

‘ಹ ಜ ಬ ರ ಲ’ ಎಂಬ ಗದ್ಯಕಥೆಯಂತೂ ಇನ್ನೂ ಸೊಗಸು. ಬೇಸಗೆಯ ಮಧ್ಯಾಹ್ನ ಹುಡುಗನೊಬ್ಬನು ಬೆವರೊರೆಸಿಕೊಳ್ಳಲು ಕರವಸ್ತ್ರಕ್ಕೆ ಕೈ ಚಾಚಿದರೆ ಕರವಸ್ತ್ರ ಬೆಕ್ಕಾಗಿರುತ್ತದೆ. ಬಳಪ ಹಲಗೆಗಳನ್ನು ಹಿಡಿದು ಲೆಕ್ಕ ಮಾಡುವ ಕಾಗೆಯೊಂದು ಅಲ್ಲಿದೆ. ಏಳೆರಡಲಿ ಹದಿನಾಲ್ಕು ಎಂಬುದು ಎಲ್ಲ ಹೊತ್ತಿನಲ್ಲಿಯೂ ನಿಜವಲ್ಲ, ಸ್ವಲ್ಪ ತಡಮಾಡಿದರೆ ಲೆಕ್ಕ ಬೇರೆಯಾಗುತ್ತದೆ ಎಂದು ಅದು ವಾದಿಸುತ್ತದೆ. ಇನ್ನೊಬ್ಬ ಮುದುಕನು ತಮ್ಮಲ್ಲಿ ವಯಸ್ಸು ನಲವತ್ತು ತಲುಪಿದೊಡನೆ ಅದನ್ನು ಹಿಂದಕ್ಕೆ ತಿರುಗಿಸಿಬಿಡುವುದಾಗಿ ಹೇಳುತ್ತಾನೆ. ಅಲ್ಲಿಂದ ಮೂವತ್ತೊಂಬತ್ತು, ಮೂವತ್ತೆಂಟು ಎಂದು ಇಳಿಯುತ್ತಾ ಬರುತ್ತದೆ. ಸಾಕಷ್ಟು ಇಳಿದ ಮೇಲೆ ಮತ್ತೆ ಏರುತ್ತದೆ. ಹೀಗೆ ಮಾಡದಿದ್ದರೆ ಮುದಿತನ ಬಂದು ಸಾಯಬೇಕಾಗುತ್ತದೆಯಲ್ಲವೆ ಎಂಬುದು ಅವನ ತರ್ಕ. ಈ ಲೆಕ್ಕವನ್ನು ನೆನಪಿನಲ್ಲಿಟ್ಟುಕೊಳ್ಳಿರಿ.

ಸಾಕ್ಷ್ಯಚಿತ್ರದಲ್ಲಿ ಸುಕುಮಾರರ ಕೃತಿಗಳ ಕೆಲವು ಭಾಗಗಳನ್ನು ಬಂಗಾಳದ ಹೆಸರಾಂತ ನಟರು ಅಭಿನಯಿಸಿ ತೋರಿಸುತ್ತಾರೆ. ಅವರಲ್ಲಿ ಉತ್ಪಲ ದತ್ತ, ಸಂತೋಷ ದತ್ತ, ತಪೇನ್ ಚಟರ್ಜಿ ಮುಖ್ಯರು. ಈ ಪೈಕಿ ತಪೇನ್ ಚಟರ್ಜಿ ಮತ್ತು ಸಂತೋಷ ದತ್ತರು, ಸತ್ಯಜಿತರು ೧೯೬೯ರಲ್ಲಿ ತಮ್ಮ ತಾತ ಉಪೇಂದ್ರಕಿಶೋರರ ಕಥೆಯನ್ನು ಆಧರಿಸಿ ತೆಗೆದ ‘ಗೂಪಿ ಗಾಯ್ನ್ ಬಾಘಾ ಬಾಯ್ನ್’ ಚಿತ್ರದಲ್ಲಿಯೂ ಇದ್ದವರು. ತಾತನ ಕಥೆಗೆ ಜೀವ ತುಂಬಿದವರೇ ತಂದೆಯ ಮಾತಿಗೂ ಜೀವ ತುಂಬಿದರು. ‘ಲಕ್ಷ್ಮಣೇರ್ ಶಕ್ತಿಶೇಲ್’ ನಾಟಕದಲ್ಲಿ ರಾಮಾಯಣದ ವೀರರು ನಮ್ಮ ನಿಮ್ಮಂತೆ ಹಸಿವು, ನಿದ್ದೆ, ಸೋಮಾರಿತನಗಳನ್ನುಳ್ಳವರಾಗಿ ಕಾಣಿಸಿಕೊಳ್ಳುತ್ತಾರೆ. ಯಕ್ಷಗಾನದ ಹಾಸ್ಯಗಾರನನ್ನು ಕಂಡು ನಕ್ಕವರಿಗೆ ಈ ನಗೆಯ ಪರಿಚಯವುಂಟು. ಒಬ್ಬ ವ್ಯಕ್ತಿಯ ಸಾವನ್ನು ಒಳಗೊಂಡ ಚಿತ್ರದಲ್ಲಿ ಇಷ್ಟು ನಗೆ ಇರಬಹುದೇ ಎಂದು ಕೇಳಬಹುದು. ಸುಕುಮಾರರ ಚಿತ್ರದಲ್ಲಿ ಅದು ಇರಲೇಬೇಕು. ತಂದೆ ಹೇಗಿದ್ದರೆಂಬುದು ಮಗನಿಗೆ ತಿಳಿದದ್ದೇ ಆ ನಗೆಯ ಮೂಲಕ. ಅದನ್ನು ಬದಿಗಿಟ್ಟು ಅವರ ರೋಗವನ್ನು ಮಾತ್ರ ತೋರಿಸಿದ್ದರೆ, ಬೇರೆ ಯಾವನೋ ದುರ್ದೈವಿಯ ಕಥೆಯಾಗುತ್ತಿತ್ತು.

೧೯೨೧ರಲ್ಲಿ ಸುಕುಮಾರರ ಬಾಳಿನಲ್ಲಿ ಎರಡು ಸಂಗತಿಗಳು ನಡೆದವು. ಮೇ ೨ರಂದು ಮಗ ಹುಟ್ಟಿದನು. ಅದೇ ವರ್ಷ ಅವರಿಗೆ ಕಾಲಾ ಆಜಾರ್ ಎಂಬ ಜ್ವರ ಅಂಟಿಕೊಂಡಿತು. ಮರಳುನೊಣವೆಂಬ ಸಣ್ಣ ಕೀಟದ ಕಡಿತದಿಂದ ಹರಡುವ ಈ ರೋಗವು ಗುಲ್ಮವನ್ನು ಊದಿಸಿ, ರಕ್ತವನ್ನು ಬತ್ತಿಸಿ, ಮನುಷ್ಯನನ್ನು ತಿಂಗಳುಗಟ್ಟಲೆ ಸವೆಸುತ್ತದೆ. ಅಂದಿನ ಬಂಗಾಳ, ಅಸ್ಸಾಂಗಳಲ್ಲಿ ಅದು ಅಸಂಖ್ಯಾತ ಜನರನ್ನು ಬಲಿತೆಗೆದುಕೊಂಡಿತ್ತು. ವಿಧಿಯ ವಿಪರೀತವೆಂದರೆ, ಇದಕ್ಕೆ ಮದ್ದು ಸಿದ್ಧವಾದದ್ದೂ ಆ ವರ್ಷಗಳಲ್ಲಿಯೇ, ಆ ಕಲ್ಕತ್ತೆಯಲ್ಲಿಯೇ. ಉಪೇಂದ್ರನಾಥ ಬ್ರಹ್ಮಚಾರಿ ಎಂಬ ವೈದ್ಯರು ಅಲ್ಲಿನ ಕ್ಯಾಂಪ್‌ಬೆಲ್ ಆಸ್ಪತ್ರೆಯ ಸಣ್ಣ ಕೊಠಡಿಯೊಂದರಲ್ಲಿ ದುಡಿದು ‘ಯೂರಿಯಾ ಸ್ಟಿಬಮೀನ್’ ಎಂಬ ಔಷಧವನ್ನು ತಯಾರಿಸಿ, ೧೯೨೨ರಲ್ಲಿ ಅದರ ಫಲಿತಾಂಶಗಳನ್ನು ಪ್ರಕಟಿಸಿದರು. ಅದು ಎಲ್ಲರ ಬಳಕೆಗೆ ಬರುವ ಹೊತ್ತಿಗೆ ಸುಕುಮಾರರು ಇರಲಿಲ್ಲ.

ಎರಡು ವರ್ಷಗಳಿಗೂ ಮೀರಿದ ಆ ಕಾಯಿಲೆಯ ಅವಧಿಯಲ್ಲಿ ಅವರು ಸುಮ್ಮನೆ ಮಲಗಿರಲಿಲ್ಲ. ‘ಸಂದೇಶ್’ ಪತ್ರಿಕೆಗೆ ಬರೆದರು, ಚಿತ್ರ ರಚಿಸಿದರು. ‘ಹ ಜ ಬ ರ ಲ’ ಆ ಪತ್ರಿಕೆಯಲ್ಲಿ ಬಂದದ್ದು ಈ ದಿನಗಳಲ್ಲಿಯೇ. ‘ಆಬೋಲ್ ತಾಬೋಲ್’ ಪುಸ್ತಕದ ಪುಟವಿನ್ಯಾಸವನ್ನು, ಯಾವ ಪದ್ಯ ಎಲ್ಲಿ, ಯಾವ ಚಿತ್ರ ಎಷ್ಟು ದೊಡ್ಡದಾಗಿ ಎಂಬುದನ್ನು, ಹಾಸಿಗೆಯಲ್ಲಿದ್ದುಕೊಂಡೇ ಸಿದ್ಧಪಡಿಸಿದರು. ಸಂಗ್ರಹದ ಕೊನೆಯ ಪದ್ಯವನ್ನು ಓದಿದವರಿಗೆ ಅವರಿಗೆ ತಮ್ಮ ಅಂತ್ಯದ ಅರಿವಿತ್ತೆಂಬುದರಲ್ಲಿ ಸಂದೇಹ ಉಳಿಯುವುದಿಲ್ಲ. ಅದರಲ್ಲಿಯೂ ಗೋಳಿಲ್ಲ, ಎಂದಿನ ತಮಾಷೆ, ಎಂದಿನ ಪ್ರಾಸ, ಅವುಗಳ ನಡುವೆಯೇ ಬೀಳ್ಕೊಡುಗೆ. ರವೀಂದ್ರನಾಥರು ಅವರನ್ನು ನೋಡಲು ಬಂದಾಗ ಸುಕುಮಾರರು ಕೇಳಿದ್ದು ಹಾಡುಗಳನ್ನು. ಅರವತ್ತು ದಾಟಿದ ಕವಿ, ತಮಗಿಂತ ಇಪ್ಪತ್ತಾರು ವರ್ಷ ಚಿಕ್ಕವನಾದ ಗೆಳೆಯನ ಹಾಸಿಗೆಯ ಪಕ್ಕದಲ್ಲಿ ಕುಳಿತು ಹಾಡಿದರು. ೧೯೨೩ರ ಸೆಪ್ಟೆಂಬರ್ ೧೦ರಂದು ಸುಕುಮಾರರು ತೀರಿಕೊಂಡರು. ಒಂಬತ್ತು ದಿನಗಳ ಅನಂತರ, ಸೆಪ್ಟೆಂಬರ್ ೧೯ರಂದು, ‘ಆಬೋಲ್ ತಾಬೋಲ್’ ಪ್ರಕಟವಾಯಿತು. ಕಾಗೆಯ ಕಥೆಯ ಆ ಮುದುಕ ವಯಸ್ಸನ್ನು ಹಿಂದಕ್ಕೆ ತಿರುಗಿಸುತ್ತಿದ್ದುದು ನಲವತ್ತನ್ನು ತಲುಪಿದ ಮೇಲೆ. ಅವನನ್ನು ಸೃಷ್ಟಿಸಿದವರಿಗೆ ಆಗ ೩೬ ಕೂಡ ತುಂಬಿರಲಿಲ್ಲ.

ಈ ಮಗ ತಂದೆಯನ್ನು ಕುರಿತು ಏನನ್ನು ತಾನೇ ನೆನೆದಾನು? ಸತ್ಯಜಿತರು ತಮ್ಮ ಬಾಲ್ಯವನ್ನು ಕುರಿತ ಪುಸ್ತಕದಲ್ಲಿ ಹೇಳಿಕೊಂಡಿರುವುದು ಒಂದು ಸಣ್ಣ ಚಿತ್ರ. ಹವಾ ಬದಲಾವಣೆಗೆಂದು ಗಂಗಾನದಿಯ ದಡದ ಸೋದೇಪುರದಲ್ಲಿದ್ದಾಗ, ಕಿಟಕಿಯ ಬಳಿ ತಂದೆ ಚಿತ್ರ ಬರೆಯುತ್ತಿದ್ದರು. ಹಡಗು ಹೋಗುತ್ತಿದೆಯೆಂದು ಅವರು ಹೇಳಿದೊಡನೆ ಮಗು ಓಡಿಹೋಗಿ ನೋಡಿತು. ಅಷ್ಟೇ. ಅಚ್ಚುಕೂಟ ಕೈತಪ್ಪಿ ಗಡ್‌ಪಾರ್ ಮನೆಯನ್ನು ಬಿಡಬೇಕಾಗಿ ಬಂದಾಗ ಹುಡುಗನಿಗೆ ಇನ್ನೂ ಐದಾರು ವರ್ಷ. ತಾಯಿ ಸುಪ್ರಭಾದೇವಿಯವರು ಮಗನೊಡನೆ ತಮ್ಮ ಸೋದರನ ಮನೆ ಸೇರಿ, ವಿಧವೆಯರಿಗಾಗಿ ನಡೆಯುತ್ತಿದ್ದ ವಿದ್ಯಾಸಾಗರ್ ವಾಣೀಭವನದಲ್ಲಿ ಕೈಕಸಬು ಕಲಿಸುತ್ತಾ ಅವನನ್ನು ಬೆಳೆಸಿದರು. ತಂದೆಯೆಂದರೆ ಆ ಹುಡುಗನಿಗೆ ಕಪಾಟಿನಲ್ಲಿದ್ದ ‘ಸಂದೇಶ್’ ಸಂಚಿಕೆಗಳು, ಗೋಡೆಯ ಮೇಲಿನ ಛಾಯಾಚಿತ್ರ, ಮನೆಯವರು ಆಡುವ ಮಾತು. ಬಂಗಾಳದ ಉಳಿದ ಮಕ್ಕಳು ಸುಕುಮಾರರನ್ನು ಹೇಗೆ ಪಡೆದರೋ ಹೆಚ್ಚುಕಡಿಮೆ ಹಾಗೆಯೇ ಇವನೂ ಪಡೆಯಬೇಕಾಯಿತು. ಅವರ ಪದ್ಯಗಳನ್ನು ಓದಿ.

ಇಲ್ಲಿ ಈ ಚಿತ್ರದ ಅತ್ಯಂತ ಸೂಕ್ಷ್ಮವಾದ ಅಂಶವೊಂದನ್ನು ಹೇಳಬೇಕು. ಸತ್ಯಜಿತರು ಇದಕ್ಕೆ ಮೊದಲು ೧೯೬೧ರಲ್ಲಿ ರವೀಂದ್ರನಾಥರನ್ನು ಕುರಿತು, ೧೯೭೨ರಲ್ಲಿ ತಮ್ಮ ಗುರುಗಳಾದ ಚಿತ್ರಕಾರ ಬಿನೋದ ಬಿಹಾರಿ ಮುಖರ್ಜಿಯವರನ್ನು ಕುರಿತು, ೧೯೭೬ರಲ್ಲಿ ಭರತನಾಟ್ಯದ ಬಾಲಸರಸ್ವತಿಯವರನ್ನು ಕುರಿತು ಸಾಕ್ಷ್ಯಚಿತ್ರಗಳನ್ನು ತೆಗೆದಿದ್ದರು. ಆ ಮೂರರಲ್ಲಿಯೂ ಹಿನ್ನೆಲೆಯ ನಿರೂಪಣೆ ಅವರದೇ ಗಂಭೀರವಾದ ಧ್ವನಿಯಲ್ಲಿ, ಇಂಗ್ಲಿಷಿನಲ್ಲಿದೆ. ತಂದೆಯ ಚಿತ್ರಕ್ಕೆ ಬಂದಾಗ ಅವರು ಮಾತೃಭಾಷೆಯನ್ನು ಆರಿಸಿಕೊಂಡರು. ತಮ್ಮ ಧ್ವನಿಯನ್ನು ಮಾತ್ರ ಹಿಂದಕ್ಕೆ ತೆಗೆದುಕೊಂಡು ನಟ ಸೌಮಿತ್ರ ಚಟರ್ಜಿಯವರಿಂದ ನಿರೂಪಣೆ ಓದಿಸಿದರು. ಗುರುಗಳ ಬಗೆಗೆ ತಾವೇ ಮಾತನಾಡಿದವರು ತಂದೆಯ ಬಗೆಗೆ ಮಾತನಾಡಲು ಇನ್ನೊಬ್ಬರನ್ನು ಕರೆದರು. ಇದಕ್ಕೆ ಅನುಕೂಲದ ಕಾರಣಗಳೂ ಇದ್ದಿರಬಹುದು. ೧೯೮೩ರಲ್ಲಿ ಹೃದಯಾಘಾತವಾದ ಮೇಲೆ ಅವರ ಆರೋಗ್ಯ ಕುಗ್ಗಿತ್ತು. ಆದರೆ ನನಗೆ ತೋರುವುದೇ ಬೇರೆ. ನಮ್ಮ ಮನೆಗಳಲ್ಲಿ ಶ್ರಾದ್ಧದ ದಿನ ಹಿರಿಯರ ಸುದ್ದಿ ಬಂದಾಗ, ಎಲ್ಲರಿಗಿಂತ ಹೆಚ್ಚು ಹೇಳಬೇಕಾದವರು ಒಮ್ಮೊಮ್ಮೆ ಎದ್ದು ಹಿತ್ತಿಲಿಗೆ ಹೋಗಿಬಿಡುತ್ತಾರೆ. ಬೇರೆ ಯಾರಾದರೂ ಹೇಳಲಿ, ತಾನು ಕೇಳುತ್ತೇನೆ ಎಂಬ ಭಾವ ಅದು.

ಸೌಮಿತ್ರ ಚಟರ್ಜಿಯವರನ್ನು ಆರಿಸಿದುದರಲ್ಲಿಯೂ ಒಂದು ಔಚಿತ್ಯವಿದೆ. ೧೯೫೯ರಲ್ಲಿ ತೆರೆಕಂಡ ‘ಅಪೂರ್ ಸಂಸಾರ್’ ಚಿತ್ರದಲ್ಲಿ, ಮಗನ ಮುಖವನ್ನೇ ಕಾಣದೆ ದೂರವಿದ್ದು, ಕಡೆಗೊಂದು ದಿನ ಅವನನ್ನು ಹುಡುಕಿಕೊಂಡು ಬರುವ ತಂದೆಯ ಪಾತ್ರವನ್ನು ವಹಿಸಿದ್ದವರು ಅವರೇ. ಅಲ್ಲಿ ತಂದೆ ಬಂದು ಮಗನನ್ನು ಹೆಗಲ ಮೇಲೆ ಹೊತ್ತು ನಡೆಯುತ್ತಾನೆ. ಇಲ್ಲಿ ತಂದೆ ಬರುವಂತಿಲ್ಲ. ಮಗನೇ ಅರವತ್ತು ವರ್ಷಗಳನ್ನು ದಾಟಿ ತಂದೆಯಲ್ಲಿಗೆ ಹೋಗಬೇಕು. ತೆರೆಯ ಮೇಲೆ ಕಾಣುವ ಛಾಯಾಚಿತ್ರಗಳಲ್ಲಿ ಇರುವವರು ಮೂವತ್ತರ ಆಸುಪಾಸಿನ ಯುವಕ. ಅವುಗಳನ್ನು ಒಂದೊಂದಾಗಿ ಎತ್ತಿ ನಮಗೆ ತೋರಿಸುತ್ತಿರುವ ಮಗನಿಗೆ ಅದರ ಇಮ್ಮಡಿ ವಯಸ್ಸು. ಚಿತ್ರ ನೋಡುತ್ತಿರುವಾಗ ಈ ಲೆಕ್ಕ ಮನಸ್ಸಿಗೆ ಬಂದರೆ, ಅಲ್ಲಿ ಯಾರೂ ಅಳದಿದ್ದರೂ ನಮ್ಮ ಗಂಟಲು ಕಟ್ಟುತ್ತದೆ.

ಇಂತಹ ಚಿತ್ರವನ್ನು ನೋಡುವ ರೀತಿಯೂ ಬೇರೆಯೇ. ಮುಂದೇನಾಗುವುದೋ ಎಂಬ ಕುತೂಹಲವನ್ನು ಇದು ಕೆರಳಿಸುವುದಿಲ್ಲ. ಸುಕುಮಾರರು ಎಳೆಯ ವಯಸ್ಸಿನಲ್ಲಿ ತೀರಿಕೊಂಡರೆಂಬುದು ಬಂಗಾಳದಲ್ಲಿ ಎಲ್ಲರಿಗೂ ಗೊತ್ತು. ಆದುದರಿಂದ ಇಲ್ಲಿ ಕಥೆಯನ್ನು ಹುಡುಕುವುದಕ್ಕಿಂತ, ಒಂದು ಮುಖದ ಮೇಲೆ, ಒಂದು ಕೈಬರಹದ ಮೇಲೆ, ಒಂದು ಗೆರೆಯ ಮೇಲೆ ಕಣ್ಣನ್ನು ನಿಲ್ಲಿಸಬೇಕು. ಸಂಗೀತವೂ ಸತ್ಯಜಿತರದೇ. ನೆನಪಿಡಬೇಕಾದ ಇನ್ನೊಂದು ಮಾತೆಂದರೆ, ಬಂಗಾಳಿ ಬಾರದವರಿಗೆ ಇದರ ಅರ್ಧದಷ್ಟಾದರೂ ಸೊಗಸು ದಕ್ಕುವುದಿಲ್ಲ. ಪ್ರಾಸವೂ ಶ್ಲೇಷೆಯೂ ತರ್ಜುಮೆಗೆ ಸುಲಭವಾಗಿ ಒಗ್ಗುವುದಿಲ್ಲ. ತಂದೆಯ ಹಲವು ಪದ್ಯಗಳನ್ನು ಸತ್ಯಜಿತರೇ ಇಂಗ್ಲಿಷಿಗೆ ತಂದಿದ್ದಾರೆ. ಪಂಜೆ ಮಂಗೇಶರಾಯರ, ರಾಜರತ್ನಂ ಅವರ ಶಿಶುಗೀತೆಗಳನ್ನು ಬೇರೆ ಭಾಷೆಗೆ ತರಲು ಹೊರಟು ನೋಡಿದರೆ ಆ ಕೆಲಸ ಎಂತಹುದೆಂಬುದು ನಮಗೂ ತಿಳಿದೀತು.

ಗಡ್‌ಪಾರ್ ಮನೆಯನ್ನು ಬಿಡುವುದಕ್ಕೆ ಮೊದಲು, ತಂದೆಯಿಲ್ಲದ ಆ ಪುಟ್ಟ ಹುಡುಗನು ಅಚ್ಚುಕೂಟದ ಬ್ಲಾಕು ವಿಭಾಗಕ್ಕೆ ಹೋಗಿ ನಿಲ್ಲುತ್ತಿದ್ದನಂತೆ. ಕಾಗದದ ಮೇಲೆ ಏನನ್ನಾದರೂ ಗೀಚಿ, ಇದು ‘ಸಂದೇಶ್’ ಪತ್ರಿಕೆಗೆ ಎಂದು ಕೆಲಸಗಾರನ ಕೈಗೆ ಕೊಡುತ್ತಿದ್ದನು. ಆತನು ತಲೆದೂಗಿ, ಆ ಕಾಗದವನ್ನು ದೊಡ್ಡ ಕ್ಯಾಮರಾದ ಮುಂದಿಟ್ಟು, ಹುಡುಗನನ್ನು ಎತ್ತಿಹಿಡಿದು, ಹಿಂಬದಿಯ ಗಾಜಿನ ಮೇಲೆ ಅದು ತಲೆಕೆಳಗಾಗಿ ಮೂಡಿರುವುದನ್ನು ತೋರಿಸುತ್ತಿದ್ದನು. ನಿಂತುಹೋಗಿದ್ದ ‘ಸಂದೇಶ್’ ಪತ್ರಿಕೆಯನ್ನು ಸತ್ಯಜಿತರು ೧೯೬೧ರಲ್ಲಿ ಕವಿ ಸುಭಾಷ್ ಮುಖೋಪಾಧ್ಯಾಯರೊಡನೆ ಸೇರಿ ಮತ್ತೆ ಆರಂಭಿಸಿದರು. ಅದಕ್ಕೆ ಕಥೆಗಳನ್ನು ಬರೆದರು, ಚಿತ್ರಗಳನ್ನು ರಚಿಸಿದರು. ಫೆಲೂದಾ, ಪ್ರೊಫೆಸರ್ ಶೊಂಕು ಮೊದಲಾದ ಅವರ ಹೆಸರಾಂತ ಪಾತ್ರಗಳು ಮಕ್ಕಳ ಮುಂದೆ ಮೊದಲು ಬಂದು ನಿಂತದ್ದು ಆ ಪತ್ರಿಕೆಯ ಪುಟಗಳಲ್ಲಿಯೇ.